ಕಡಲಿಗೂ ನದಿಗೂ ನಡುವಣ ಮರಳಿನ ಊರು: ಕೋಡಿಬೆಂಗ್ರೆಯ ಇತಿಹಾಸ ಮತ್ತು ಆಕರ್ಷಣೆಗಳು

(ಗ್ರಾಮ ಪಂಚಾಯತಿ ಸದಸ್ಯರ ಕರಾವಳಿ ಅಧ್ಯಯನ ಪ್ರವಾಸದ ಪೂರ್ವಭಾವಿಯಾಗಿ ಕಲಬುರಗಿ ನಗರದ ರೋಜಾ ಪ್ರದೇಶದಲ್ಲಿ ಸೇರಿದ ಸಭೆಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಬಯಲುಸೀಮೆಯಲ್ಲಿ ‘ಕೋಡಿ’ ಎಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಬೀಳುವ ಸ್ಥಳ. ಮಳೆಗಾಲದಲ್ಲಿ ಕೆರೆಗೆ ಕೋಡಿ ಬಿದ್ದ ಸುದ್ದಿ ಬಂದರೆ ಊರಿಗೆ ಊರೇ ನೋಡಲು ಹೊರಡುತ್ತದೆ. ಕರಾವಳಿಯಲ್ಲಿ ಅದೇ ಪದಕ್ಕೆ ತುದಿ, ನೆಲ ಮುಗಿಯುವ ಕೊನೆ ಎಂಬ ಅರ್ಥವಿದೆ. ‘ಬೆಂಗ್ರೆ’ ಎಂಬುದು ಬಯಲುಸೀಮೆಗೆ ಅಪರಿಚಿತವಾದ ಪದ. ನದಿ ಮತ್ತು ಕಡಲಿನ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ದಿಬ್ಬಕ್ಕೆ ತುಳುನಾಡಿನಲ್ಲಿ ಬೆಂಗ್ರೆ ಎನ್ನುತ್ತಾರೆ. ಮಂಗಳೂರಿನ ಬಳಿಯೂ ಬೆಂಗ್ರೆಗಳಿವೆ. ಈ ಎರಡು ಪದಗಳು ಕೂಡಿ ಆದ ಕೋಡಿಬೆಂಗ್ರೆಯು ಉಡುಪಿ ಜಿಲ್ಲೆಯ ಒಂದು ಚಿಕ್ಕ ಮೀನುಗಾರರ ಗ್ರಾಮ. ಹೆಸರಿನಲ್ಲಿಯೇ ಊರಿನ ನಕ್ಷೆ ಅಡಗಿದೆ.

ಮಲ್ಪೆಯಿಂದ ಕಡಲನ್ನು ಎಡಗಡೆಗೆ ಇಟ್ಟುಕೊಂಡು ಉತ್ತರಕ್ಕೆ ಸಾಗಿದರೆ ತೊಟ್ಟಂ, ಹೂಡೆ ದಾಟಿ ಈ ಊರು ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಸಂತೆಕಟ್ಟೆಯಿಂದ ಕೆಮ್ಮಣ್ಣು ಮಾರ್ಗವಾಗಿಯೂ ಬರಬಹುದು. ಹೂಡೆಯಿಂದ ಮುಂದಕ್ಕೆ ನೆಲ ಕಿರಿದಾಗುತ್ತಾ ಹೋಗುತ್ತದೆ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸುವರ್ಣಾ ನದಿ, ನಡುವೆ ಒಂದು ರಸ್ತೆ, ರಸ್ತೆಯ ಎರಡೂ ಮಗ್ಗುಲಲ್ಲಿ ತೆಂಗಿನ ಮರಗಳು ಮತ್ತು ಮನೆಗಳು. ಕೆಲವು ಕಡೆ ವಾಹನದಿಂದ ಇಳಿಯದೆಯೇ ಎರಡೂ ನೀರುಗಳನ್ನು ನೋಡಬಹುದು. ರಸ್ತೆ ಮುಗಿಯುವಲ್ಲಿ ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲನ್ನು ಸೇರುತ್ತವೆ. ನದಿಯು ಕಡಲಿಗೆ ಬೀಳುವ ಈ ಬಾಯಿಗೆ ಕರಾವಳಿಯವರು ‘ಅಳಿವೆ’ ಎನ್ನುತ್ತಾರೆ. ಅಳಿವೆಯ ಆಚೆ ದಡದಲ್ಲಿ ಹಂಗಾರಕಟ್ಟೆ ಮತ್ತು ಕೋಡಿ ಕನ್ಯಾನ ಕಾಣುತ್ತವೆ.

ಪಂಚಾಯತಿ ಆಡಳಿತದಲ್ಲಿರುವವರಿಗೆ ಇಲ್ಲಿಯೇ ಮೊದಲನೆಯ ಕುತೂಹಲದ ಸಂಗತಿ ಎದುರಾಗುತ್ತದೆ. ಕೋಡಿಬೆಂಗ್ರೆಯು ಸೇರಿರುವುದು ನದಿಯ ಆಚೆ ದಡದ ಕೋಡಿ ಗ್ರಾಮ ಪಂಚಾಯತಿಗೆ. ಅಂದರೆ ಮನೆ ಈ ದಡದಲ್ಲಿ, ಪಂಚಾಯತಿ ಕಚೇರಿ ಆ ದಡದಲ್ಲಿ. ಕಣ್ಣಿಗೆ ಕಾಣುವಷ್ಟು ಹತ್ತಿರದ ಕಚೇರಿಗೆ ರಸ್ತೆಯಲ್ಲಿ ಹೋಗಬೇಕಾದರೆ ಹೆದ್ದಾರಿಯವರೆಗೆ ಸುತ್ತಿ, ಸೇತುವೆಗಳನ್ನು ದಾಟಿ, ಮತ್ತೆ ಕಡಲಿನ ಕಡೆಗೆ ತಿರುಗಬೇಕು. ಇಲ್ಲವಾದರೆ ದೋಣಿ ಅಥವಾ ಬಾರ್ಜ್ ಏರಬೇಕು. ತೆರಿಗೆ ಕಟ್ಟುವುದಕ್ಕೂ, ಒಂದು ಅರ್ಜಿ ಕೊಡುವುದಕ್ಕೂ ಹೊಳೆ ದಾಟಬೇಕಾದ ಊರು ಇದು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಕಾಯಕ ಭೀಮಾ ತೀರದವರಿಗೆ ಜಯಂತಿಯ ದಿನ ನೆನಪಾಗುತ್ತದೆ. ಬೆಂಗ್ರೆಯವರಿಗೆ ಆ ಕಾಯಕ ಇಂದಿಗೂ ನಿತ್ಯದ ಅಗತ್ಯ.

ಊರಿನ ಇತಿಹಾಸವನ್ನು ಹೇಳುವಾಗ ಒಂದು ತೊಡಕು ಉಂಟು. ಮರಳಿನ ಮೇಲಿನ ಊರುಗಳು ಶಾಸನ ಬಿಡುವುದಿಲ್ಲ. ಕಲ್ಲು ನಿಲ್ಲಿಸಲು ಕೆಳಗೆ ಗಟ್ಟಿ ನೆಲವಿಲ್ಲ, ದಿಬ್ಬವೂ ಒಂದೇ ಕಡೆ ನಿಲ್ಲುವುದಿಲ್ಲ. ಆದುದರಿಂದ ಬೆಂಗ್ರೆಯ ಇತಿಹಾಸವನ್ನು ಅದರ ಹಿಂದಿನ ನದಿಯಲ್ಲಿ ಹುಡುಕಬೇಕಾಗುತ್ತದೆ. ಸೀತಾ ನದಿಯಲ್ಲಿ ಸ್ವಲ್ಪ ಒಳಕ್ಕೆ ಹೋದರೆ ಬಾರ್ಕೂರು ಇದೆ. ಆಳುಪರು ಮಂಗಳೂರು, ಉದ್ಯಾವರಗಳಂತೆ ಬಾರ್ಕೂರಿನಿಂದಲೂ ಆಳಿದರು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ ಎಂಬುದು ಕರಾವಳಿಯ ಒಂದು ಪ್ರಾಂತ್ಯವೇ ಆಗಿದ್ದಿತು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ‘ಫಾಕನೂರ್’ ಎಂದು ಬರೆದಿರುವ ಬಂದರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಇಲ್ಲಿಂದ ಅಕ್ಕಿ ಹಡಗೇರಿ ಪರದೇಶಗಳಿಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಆ ಅಕ್ಕಿ ಹೊರಹೋಗಲು ಇದ್ದ ಬಾಗಿಲು ಕೋಡಿಯ ಅಳಿವೆ. ಕಾಲಕ್ರಮದಲ್ಲಿ ನದಿಯು ಹೂಳು ತುಂಬಿಕೊಂಡಿತು, ಹಡಗುಗಳು ದೊಡ್ಡವಾದವು, ವ್ಯಾಪಾರ ಬೇರೆಡೆಗೆ ಹೋಯಿತು. ಬಾರ್ಕೂರು ದೇವಸ್ಥಾನಗಳ ಮತ್ತು ಬಸದಿಗಳ ಊರಾಗಿ ಉಳಿಯಿತು. ಹಂಗಾರಕಟ್ಟೆ ಇಂದಿಗೂ ರಾಜ್ಯದ ಕಿರು ಬಂದರುಗಳ ಪಟ್ಟಿಯಲ್ಲಿದೆ, ಅಲ್ಲಿ ಹಡಗು ಕಟ್ಟುವ ಅಂಗಳವೂ ಇದೆ.

ಕಲಬುರಗಿಗೂ ಕಡಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಎರಡು ಮಾತು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾದಾಗ, ಅದರ ಕುದುರೆ ಲಾಯಗಳು ತುಂಬುತ್ತಿದ್ದುದು ಅರಬ್ಬಿ ಸಮುದ್ರದ ಬಂದರುಗಳಿಗೆ ಇಳಿದ ಕುದುರೆಗಳಿಂದ. ಕರಾವಳಿಯ ಬಂದರುಗಳಿಗಾಗಿ ಬಹಮನಿಯರೂ ವಿಜಯನಗರದವರೂ ಕಾದಾಡಿದ್ದಕ್ಕೆ ಇದೂ ಒಂದು ಕಾರಣ. ಎರಡನೆಯದು ಇತ್ತೀಚಿನದು. 1956ರ ನವೆಂಬರ್ 1ರವರೆಗೆ ಕಲಬುರಗಿಯು ಹೈದರಾಬಾದ್ ರಾಜ್ಯದಲ್ಲಿಯೂ, ದಕ್ಷಿಣ ಕನ್ನಡವು ಮದ್ರಾಸ್ ರಾಜ್ಯದಲ್ಲಿಯೂ ಇದ್ದವು. ಎರಡೂ ಒಂದೇ ದಿನ ಒಂದೇ ಮನೆಗೆ ಬಂದವು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಇನ್ನು ಮೀನುಗಾರಿಕೆಯ ವಿಷಯ. ಬಯಲುಸೀಮೆಯಲ್ಲಿ ಕೆರೆಯ ಮೀನಿಗೆ ಗುತ್ತಿಗೆ ಇದೆ. ಮರಿ ಬಿಟ್ಟವನು ಯಾರು, ಹಿಡಿಯುವವನು ಯಾರು ಎಂಬುದು ಕಾಗದದ ಮೇಲೆ ಇರುತ್ತದೆ. ಕಡಲಿಗೆ ಹರಾಜಿಲ್ಲ. ಮರಿ ಬಿಡುವವರೂ ಇಲ್ಲ. ಮುಂಗಾರಿನ ಹೊತ್ತಿನಲ್ಲಿ ಗಾಳಿಯ ಒತ್ತಡದಿಂದ ಕಡಲಿನ ತಳದ ತಂಪು ನೀರು ಮೇಲೇಳುತ್ತದೆ. ತಳದಲ್ಲಿ ಕೂತಿದ್ದ ಪೋಷಕಾಂಶಗಳು ಅದರೊಂದಿಗೆ ಬೆಳಕಿಗೆ ಬರುತ್ತವೆ, ಕಣ್ಣಿಗೆ ಕಾಣದ ಸಸ್ಯಜೀವಿಗಳು ಹುಲುಸಾಗುತ್ತವೆ, ಅವುಗಳನ್ನು ತಿನ್ನಲು ಬೂತಾಯಿ ಮತ್ತು ಬಂಗುಡೆಯ ಹಿಂಡುಗಳು ದಡದ ಸಮೀಪಕ್ಕೆ ಬರುತ್ತವೆ. ಇವೆರಡೇ ಕನ್ನಡ ಕರಾವಳಿಯ ಬಡವರ ಮೀನುಗಳು. ಅಂಜಲ್, ಮಾಂಜಿ, ಕಾಣೆಗಳು ಬೆಲೆಯಲ್ಲಿ ಮೇಲಿನವು. ಸಿಗಡಿಯ ಕಥೆ ಬೇರೆ. ಹಲವು ಜಾತಿಯ ಸಿಗಡಿಗಳು ಕಡಲಿನಲ್ಲಿ ಹುಟ್ಟಿ, ಅಳಿವೆಯ ಮೂಲಕ ಒಳಗೆ ಬಂದು, ನದಿಯ ಸವಳು ನೀರಿನಲ್ಲಿ ಬೆಳೆದು, ಮತ್ತೆ ಕಡಲಿಗೆ ಹೋಗುತ್ತವೆ. ಅಳಿವೆ ಮುಚ್ಚಿದರೆ ಅಥವಾ ನದಿಯ ನೀರು ಕೆಟ್ಟರೆ ಅದರ ಪೆಟ್ಟು ಹೊರಗಿನ ಕಡಲಿನ ಬಲೆಗೂ ತಟ್ಟುತ್ತದೆ.

ಹಿಂದಿನ ಕಾಲದಲ್ಲಿ ಈ ಹಿಂಡುಗಳನ್ನು ಹಿಡಿಯುತ್ತಿದ್ದುದು ರಂಪಣಿ ಬಲೆಯಿಂದ. ರಂಪಣಿಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಅದು ಬಲೆಯೂ ಹೌದು, ಒಂದು ಬಗೆಯ ಸಹಕಾರ ಸಂಘವೂ ಹೌದು. ದಡದ ಮೇಲೆ ನಿಂತ ಅನುಭವಿಯೊಬ್ಬ ನೀರಿನ ಬಣ್ಣ ನೋಡಿ ಹಿಂಡು ಬಂದದ್ದನ್ನು ಗುರುತಿಸುತ್ತಿದ್ದ. ದೋಣಿಯೊಂದು ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಿತ್ತು. ಬಳಿಕ ಎರಡೂ ಕಡೆ ಹತ್ತಾರು ಮಂದಿ ನಿಂತು ಹಗ್ಗ ಎಳೆಯುತ್ತಿದ್ದರು. ಬಲೆಯು ಒಬ್ಬ ಸಾಹುಕಾರನದಾಗಿರಲಿಲ್ಲ. ಪ್ರತಿ ಪಾಲುದಾರನೂ ತನ್ನ ಮನೆಯಿಂದ ಒಂದು ತುಂಡು ಬಲೆ ತರುತ್ತಿದ್ದ, ಆ ತುಂಡುಗಳನ್ನು ಹೆಣೆದು ಮಹಾಬಲೆ ಮಾಡುತ್ತಿದ್ದರು. ಸಿಕ್ಕ ಮೀನು ಪಾಲಾಗುತ್ತಿತ್ತು. ಕಮಲಾಪುರದ ಕಡೆ ರೈತರು ಎತ್ತು ಕೂಡಿಸಿ ‘ಮುಯ್ಯಿ’ ಆಳುಗಳಾಗಿ ಒಬ್ಬರ ಹೊಲದಲ್ಲಿ ಒಬ್ಬರು ದುಡಿಯುವ ಪದ್ಧತಿಗೆ ಇದು ದೂರದ ಬಂಧು.

1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆ ಬಂದಿತು. ಇದರ ಕೆಳ ಅಂಚಿನಲ್ಲಿ ಉಂಗುರಗಳಿರುತ್ತವೆ. ಉಂಗುರಗಳ ಮೂಲಕ ಹಾದ ಹಗ್ಗವನ್ನು ಎಳೆದರೆ ಹಣದ ಚೀಲದ ಬಾಯಿಯಂತೆ ತಳ ಮುಚ್ಚಿಕೊಳ್ಳುತ್ತದೆ. ಯಂತ್ರದ ದೋಣಿಗಳು ಹಿಂಡು ದಡಕ್ಕೆ ಬರುವ ಮೊದಲೇ ಹೊರಗಡಲಿನಲ್ಲಿ ಅದನ್ನು ಸುತ್ತಿಕೊಂಡವು. ದಡದಲ್ಲಿ ಕಾದು ನಿಂತ ರಂಪಣಿಯವರ ಬಲೆಗೆ ಮೀನು ಬರುವುದು ಕಡಿಮೆಯಾಯಿತು. ಕೆಲವು ವರ್ಷಗಳ ಕಾಲ ಎರಡೂ ಪಕ್ಷದವರ ನಡುವೆ ಗಲಾಟೆಗಳಾದವು. ರಂಪಣಿಯ ಕೆಲವರು ಕೂಡಿ ಸಾಲ ಪಡೆದು ತಾವೇ ಪರ್ಸೀನ್ ದೋಣಿಗಳಲ್ಲಿ ಪಾಲುದಾರರಾದರು, ಪಾಲು ಸಿಗದವರು ದುಡಿಯುವ ಆಳುಗಳಾದರು. ಒಂದು ದಶಕದೊಳಗೆ ದೊಡ್ಡ ರಂಪಣಿ ಕಣ್ಮರೆಯಾಯಿತು. ಪರ್ಸೀನ್‌ನಿಂದ ಉತ್ಪಾದನೆ ಹೆಚ್ಚಿದ್ದು ನಿಜ, ಐಸ್ ಘಟಕ, ಮೀನೆಣ್ಣೆ ಮತ್ತು ಮೀನುಹುಡಿ ಕಾರ್ಖಾನೆಗಳು ಬಂದದ್ದೂ ನಿಜ. ಆದರೆ ಮೀನು ದಡದಿಂದ ಬಂದರಿಗೆ ವರ್ಗಾವಣೆಯಾಯಿತು, ಅಂದರೆ ಊರೂರಿನ ಮರಳಿನಿಂದ ಮಲ್ಪೆಯ ದಕ್ಕೆಗೆ. ಕೋಡಿಬೆಂಗ್ರೆಯಂತಹ ಊರುಗಳ ಇಂದಿನ ಸ್ವರೂಪವು ಬಹುಮಟ್ಟಿಗೆ ಆ ಒಂದು ಬದಲಾವಣೆಯಿಂದ ಬಂದುದು. ಊರಿನ ಅನೇಕ ಗಂಡಸರು ಈಗ ಬೇರೆಯವರ ಯಾಂತ್ರಿಕ ದೋಣಿಗಳಲ್ಲಿ ದುಡಿಯಲು ಮಲ್ಪೆಗೆ ಹೋಗುತ್ತಾರೆ.

ಊರಿನಲ್ಲಿಯೇ ಉಳಿದಿರುವುದು ನಾಡದೋಣಿ, ಮಾಟುಬಲೆ ಮತ್ತು ರಂಪಣಿಯ ಚಿಕ್ಕ ರೂಪವಾದ ಕೈರಂಪಣಿ. ಬೆಳಗಿನ ಹೊತ್ತು ಅದೃಷ್ಟವಿದ್ದರೆ ಕೈರಂಪಣಿ ಎಳೆಯುವುದನ್ನು ನೋಡಬಹುದು. ನದಿಯ ಮಗ್ಗುಲಲ್ಲಿ ಇಳಿತದ ಸಮಯಕ್ಕೆ ಮರುವಾಯಿ ಆರಿಸುವವರು ಸೊಂಟದವರೆಗಿನ ನೀರಿನಲ್ಲಿ ನಿಂತಿರುತ್ತಾರೆ. ಮೀನು ದಡಕ್ಕೆ ಬಂದ ಕ್ಷಣದಿಂದ ಅದು ಹೆಂಗಸರ ಕೈಗೆ ಸೇರುತ್ತದೆ. ಏಲ ಕೂಗುವುದು, ಕೊಳ್ಳುವುದು, ಬುಟ್ಟಿಯಲ್ಲಿ ಹೊತ್ತು ಒಳನಾಡಿನ ಮನೆಮನೆಗೆ ಮಾರುವುದು, ಉಳಿದುದಕ್ಕೆ ಉಪ್ಪು ಸವರಿ ಮರಳಿನ ಮೇಲೆ ಒಣಗಿಸುವುದು. ಮೊಗವೀರ ಮಹಿಳೆಯರ ಲೆಕ್ಕಾಚಾರ ಕರಾವಳಿಯಲ್ಲಿ ಗಾದೆಯ ಮಾತಿನಷ್ಟು ಪ್ರಸಿದ್ಧ. ಸ್ವಸಹಾಯ ಸಂಘಗಳ ಸದಸ್ಯೆಯರು ಪ್ರವಾಸದಲ್ಲಿದ್ದರೆ ಅವರಿಗೆ ಈ ಏಲವೇ ದೊಡ್ಡ ಪಾಠವಾದೀತು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನು ಮೊಟ್ಟೆಯಿಡುವ ಕಾಲ, ಕಡಲು ಕೆರಳುವ ಕಾಲ. ಆ ಎರಡು ತಿಂಗಳು ನಾಡದೋಣಿಗಳಿಗೆ ಅವಕಾಶವಿದ್ದರೂ ಅಳಿವೆ ದಾಟುವುದು ಪ್ರಾಣದ ಹಂಗು ತೊರೆದ ಕೆಲಸ. ಯಂತ್ರದ ದೋಣಿಗಳೂ ಸುರಕ್ಷಿತವೇನಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿಯು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮೀನುಗಾರರ ಸಹಿತ ಕಾಣೆಯಾಯಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ಅದರ ಅವಶೇಷವನ್ನು ಪತ್ತೆ ಹಚ್ಚಿತು. ಏಳು ಮಂದಿಯಲ್ಲಿ ಯಾರೂ ಹಿಂದಿರುಗಲಿಲ್ಲ. ದಕ್ಕೆಯಲ್ಲಿ ಫೋಟೊ ತೆಗೆಯುವವರು ಇದನ್ನು ತಿಳಿದಿರತಕ್ಕದ್ದು.

ಕುಡಿಯುವ ನೀರಿನ ವಿಷಯ ಪಂಚಾಯತಿಯವರಿಗೆ ವಿಶೇಷ ಆಸಕ್ತಿಯದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆಯಾಗುತ್ತದೆ, ಕಲಬುರಗಿಯಲ್ಲಿ 800 ಮಿ.ಮೀ. ಆಸುಪಾಸು. ಹೀಗಿದ್ದರೂ ಬೇಸಿಗೆಯಲ್ಲಿ ಬೆಂಗ್ರೆಯ ನೀರಿನ ಚಿಂತೆ ಕಮಲಾಪುರದ್ದಕ್ಕಿಂತ ಸಣ್ಣದಲ್ಲ. ಮರಳಿನೊಳಗೆ ಇಳಿದ ಮಳೆನೀರು ಉಪ್ಪುನೀರಿನ ಮೇಲೆ ತೇಲುತ್ತಾ ಮಸೂರದ ಕಾಳಿನ ಆಕಾರದಲ್ಲಿ ನಿಂತಿರುತ್ತದೆ. ಸಿಹಿನೀರಿನ ಸಾಂದ್ರತೆ 1.000, ಕಡಲ ನೀರಿನದು ಸುಮಾರು 1.025. ಈ ಅಂತರದ ಲೆಕ್ಕದಂತೆ ಕಡಲಮಟ್ಟದ ಮೇಲೆ ಸಿಹಿನೀರು ಒಂದು ಅಡಿ ಇದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆ. ಕೇಳಲು ಸಂತೋಷವಾಗುತ್ತದೆ. ಆದರೆ ಪಂಪು ಹಚ್ಚಿ ಮೇಲಿನ ಒಂದು ಅಡಿಯನ್ನು ಇಳಿಸಿದರೆ ಕಾಲಾನಂತರ ಕೆಳಗಿನಿಂದ ಉಪ್ಪುನೀರು ನಲವತ್ತು ಅಡಿ ಮೇಲೇರುತ್ತದೆ ಎಂಬುದೂ ಅದೇ ಲೆಕ್ಕ. ಬಯಲುಸೀಮೆಯಲ್ಲಿ ನೀರು ಸಿಗದಿದ್ದರೆ ಇನ್ನೂ ನೂರು ಅಡಿ ಕೊರೆಯುವುದು ರೂಢಿ. ಇಲ್ಲಿ ಆಳಕ್ಕೆ ಹೋದಷ್ಟೂ ಬಾವಿ ಕೆಡುತ್ತದೆ. ಆದುದರಿಂದಲೇ ಹಿರಿಯರು ಅಗಲವಾದ, ಆಳವಿಲ್ಲದ ಬಾವಿ ತೋಡಿ ಕೊಡದಿಂದ ಸೇದುತ್ತಿದ್ದರು. ಮನೆಗೊಂದು ಮೋಟಾರು ಬಂದ ಮೇಲೆ ಆ ಜಾಣ್ಮೆ ಮರೆಯಾಗುತ್ತಿದೆ. ಕೋಣೆಗಳಿಗೆಲ್ಲಾ ಸ್ನಾನದ ತುಂತುರು ನಲ್ಲಿ ಇರುವ ಒಂದು ತಂಗುದಾಣವು ಹತ್ತು ಮನೆಗಳ ಬಾವಿಯನ್ನು ಉಪ್ಪಾಗಿಸಬಲ್ಲದು.

ಕಡಲ್ಕೊರೆತದ ಬಗ್ಗೆಯೂ ಇದೇ ರೀತಿ ಯೋಚಿಸಬೇಕು. ಮಳೆಗಾಲದ ಎತ್ತರದ ಅಲೆಗಳು ದಡದ ಮರಳನ್ನು ಕಡಲಿನೊಳಕ್ಕೆ ಒಯ್ಯುತ್ತವೆ, ಚಳಿಗಾಲದ ಸಣ್ಣ ಅಲೆಗಳು ಅದರ ಬಹುಭಾಗವನ್ನು ಹಿಂದಕ್ಕೆ ತರುತ್ತವೆ. ದಿಬ್ಬವು ಹೀಗೆ ಉಸಿರಾಡುತ್ತದೆ. ಮನೆಗಳು ದಡಕ್ಕೆ ತೀರ ಹತ್ತಿರವಾದಾಗ ಬಂಡೆಗಲ್ಲಿನ ತಡೆಗೋಡೆ ಹಾಕುವುದು ಅನಿವಾರ್ಯವಾಗುತ್ತದೆ. ಗೋಡೆಗೆ ಬಡಿದ ಅಲೆಯ ಬಲ ಮಾತ್ರ ನಾಶವಾಗುವುದಿಲ್ಲ. ಅದು ಹಿಂದಿರುಗಿ ಗೋಡೆಯ ಬುಡದ ಮರಳನ್ನು ತೋಡುತ್ತದೆ, ಗೋಡೆ ಮುಗಿದಲ್ಲಿ ಪಕ್ಕದ ದಡವನ್ನು ಕಚ್ಚುತ್ತದೆ. ಒಂದು ವಾರ್ಡಿನವರ ಬೇಡಿಕೆ ಈಡೇರಿದಾಗ ಪಕ್ಕದ ವಾರ್ಡಿನಲ್ಲಿ ಹೊಸ ಬೇಡಿಕೆ ಹುಟ್ಟುವುದು ಹೀಗೆ. ಅಲ್ಲದೆ ಗೋಡೆಯ ಮೇಲೆ ದೋಣಿ ಎಳೆಯಲಾಗುವುದಿಲ್ಲ, ಬಲೆ ಹರಡಲಾಗುವುದಿಲ್ಲ. ಮನೆ ಉಳಿಸಿಕೊಳ್ಳಲು ಹಾಕಿದ ಕಲ್ಲು ಕಸುಬಿನ ಅಂಗಳವನ್ನು ತೆಗೆದುಕೊಳ್ಳುತ್ತದೆ.

ಈ ಅಂಗಳದ ಪ್ರಶ್ನೆಯೇ ಇಂದು ಊರಿನ ಮುಂದಿರುವ ದೊಡ್ಡ ಪ್ರಶ್ನೆ. ಸುಗ್ಗಿಯಲ್ಲಿ ರಾಶಿ ಮಾಡುವ ಕಣವನ್ನು ಯುಗಾದಿಯ ಹೊತ್ತಿಗೆ ನೋಡಿದವನಿಗೆ ಅದು ಖಾಲಿ ಜಾಗ. ಕಡಲತಡಿಯ ಮರಳೂ ಹಾಗೆಯೇ. ಮಧ್ಯಾಹ್ನ ಬಂದ ಪ್ರವಾಸಿಗೆ ಅದು ಬರಿದಾದ ಸುಂದರ ಕಿನಾರೆ, ಬೆಳಿಗ್ಗೆ ಆರಕ್ಕೆ ಅದೇ ಸ್ಥಳ ದೋಣಿ ನಿಲ್ದಾಣ, ಬಲೆ ದುರಸ್ತಿಯ ಕಾರ್ಯಾಗಾರ, ಮೀನು ಒಣಗಿಸುವ ಕಣ. ತಲೆಮಾರುಗಳಿಂದ ಬಳಸುತ್ತಾ ಬಂದಿದ್ದರೂ ಯಾವ ಮನೆಯವರ ಪಹಣಿಯಲ್ಲಿಯೂ ಅದು ಇರುವುದಿಲ್ಲ. ಕಿನಾರೆಗೆ ಹೆಸರು ಬಂದ ಮೇಲೆ ಹಿಂಬದಿಯ ತೆಂಗಿನ ತೋಟಗಳು ತಂಗುದಾಣಗಳಾಗುತ್ತವೆ. ತಂಗುದಾಣಕ್ಕೆ ಎದುರಿನ ಮರಳು ಬೇಕಾಗುತ್ತದೆ. ಒಣಮೀನಿನ ವಾಸನೆ ಅತಿಥಿಗಳಿಗೆ ಹಿಡಿಸುವುದಿಲ್ಲ ಎಂಬ ಮಾತು ಬರುತ್ತದೆ. ಯಾರೂ ಬಲವಂತವಾಗಿ ಓಡಿಸದಿದ್ದರೂ ಕಸುಬು ಒಂದೊಂದೇ ಅಡಿ ಹಿಂದೆ ಸರಿಯುತ್ತದೆ. ಕರಾವಳಿಯ ಬೇರೆ ಕಿನಾರೆಗಳಲ್ಲಿ ಇದು ನಡೆದುಹೋಗಿದೆ.

ಕಾನೂನು ಇದಕ್ಕೆ ಒಂದು ದಾರಿಯನ್ನು ಇಟ್ಟಿದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ, ಬಳಿಕ 2011 ಮತ್ತು 2019ರಲ್ಲಿ ಪರಿಷ್ಕೃತವಾಯಿತು. ಭರತದ ರೇಖೆಯಿಂದ 500 ಮೀಟರ್‌ವರೆಗಿನ ನೆಲ ಇದರ ವ್ಯಾಪ್ತಿಗೆ ಬರುತ್ತದೆ. ಕಟ್ಟಡ ಪರವಾನಗಿಯ ಅರ್ಜಿ ಬಂದಾಗ ಪಂಚಾಯತಿಗಳಿಗೆ ತಲೆನೋವಾಗುವ ಅಧಿಸೂಚನೆ ಎಂದೇ ಇದು ಪರಿಚಿತ. ಅದರಲ್ಲಿ ಹೆಚ್ಚು ಮಂದಿ ಗಮನಿಸದ ಒಂದು ಅಂಶವಿದೆ. ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಮೀನುಗಾರರ ಗ್ರಾಮಗಳನ್ನು, ಜೆಟ್ಟಿಗಳನ್ನು, ಐಸ್ ಘಟಕಗಳನ್ನು, ಮೀನು ಒಣಗಿಸುವ ಕಟ್ಟೆಗಳನ್ನು, ಒಟ್ಟಾರೆ ಮೀನುಗಾರ ಸಮುದಾಯದ ಸಾಮೂಹಿಕ ಸ್ವತ್ತುಗಳನ್ನು ಸರ್ವೆ ನಂಬರಿನ ಮಟ್ಟದಲ್ಲಿ ಗುರುತಿಸಬೇಕೆಂದು 2011ರ ಅಧಿಸೂಚನೆಯೇ ಹೇಳುತ್ತದೆ. ನಕ್ಷೆಯ ಕರಡು ಸಾರ್ವಜನಿಕರ ಮುಂದೆ ಬರುತ್ತದೆ, ಆಕ್ಷೇಪಣೆಗೆ ಕಾಲಾವಕಾಶವಿರುತ್ತದೆ. ಗ್ರಾಮಸಭೆ ಕೂಡಿ, ಬಲೆ ಹರಡುವ ಜಾಗ ಇಂಥದ್ದು, ದೋಣಿ ಎಳೆಯುವ ಹಾದಿ ಇಂಥದ್ದು ಎಂದು ಹಿರಿಯರಿಂದ ಕೇಳಿ ಗುರುತು ಮಾಡಿ ಠರಾವು ಬರೆದು ಕಳುಹಿಸಿದರೆ ಆ ಜಾಗಕ್ಕೆ ಒಂದು ದಾಖಲೆ ಹುಟ್ಟುತ್ತದೆ. ಕಳುಹಿಸದಿದ್ದರೆ ನಕ್ಷೆಯಲ್ಲಿ ಅದು ಬರಿಯ ಮರಳು. ಕಲಬುರಗಿ ಜಿಲ್ಲೆಯಲ್ಲಿ ಗೋಮಾಳ, ಕೆರೆಯಂಗಳ, ಬಂಡಿದಾರಿಗಳಿಗೆ ಏನಾಯಿತೆಂಬುದು ಈ ಸಭೆಯಲ್ಲಿರುವ ಎಲ್ಲರಿಗೂ ತಿಳಿದ ವಿಷಯ.

ಇಷ್ಟು ತಿಳಿದ ಮೇಲೆ ಆಕರ್ಷಣೆಗಳನ್ನು ನೋಡಿದರೆ ಅವುಗಳ ರುಚಿ ಬೇರೆ. ಎರಡು ನದಿಗಳು ಕಡಲನ್ನು ಸೇರುವ ತುದಿಯನ್ನು ಪ್ರವಾಸಿಗರು ‘ಡೆಲ್ಟಾ ಬೀಚ್’ ಎಂದು ಕರೆಯುತ್ತಾರೆ. ಸೂರ್ಯಾಸ್ತಕ್ಕೆ ಅಲ್ಲಿ ಜನ ಸೇರುತ್ತಾರೆ, ಇಳಿತದ ವೇಳೆ ನದಿಯ ನೀರು ಕಡಲಿನ ಅಲೆಗೆ ಎದುರು ನುಗ್ಗುವುದು ಸ್ಪಷ್ಟವಾಗಿ ಕಾಣುತ್ತದೆ. ನೋಡಲು ಶಾಂತವಾಗಿದ್ದರೂ ಆ ತುದಿಯಲ್ಲಿ ಈಜಬಾರದು, ಸೆಳೆತ ಬಲವಾದುದು. ನದಿಯ ಮಗ್ಗುಲಲ್ಲಿ ದೋಣಿವಿಹಾರ, ಕಯಾಕ್, ಕಡಲಿನ ಮಗ್ಗುಲಲ್ಲಿ ಅಲೆಯ ಮೇಲೆ ಹಲಗೆ ಹತ್ತಿ ಸವಾರಿ ಮಾಡುವ ಸರ್ಫಿಂಗ್ ಇವೆ. ಸುವರ್ಣಾ ನದಿಯ ಕುದ್ರುಗಳು, ಅಂದರೆ ನಡುಗಡ್ಡೆಗಳು, ಕಾಂಡ್ಲಾ ಗಿಡಗಳಿಂದ ತುಂಬಿವೆ. ಕೆಮ್ಮಣ್ಣಿನಿಂದ ತಿಮ್ಮಣ್ಣಕುದ್ರುವಿಗೆ ಹೋಗುವ ತೂಗುಸೇತುವೆ ಈ ದಾರಿಯಲ್ಲಿಯೇ ಸಿಗುತ್ತದೆ. ಒಂದೇ ಸಲ ಬಹಳ ಮಂದಿ ಹತ್ತುವುದು ತರವಲ್ಲ, ಅದು ಕುದ್ರುವಿನ ಜನರ ನಿತ್ಯದ ದಾರಿ.

ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರೀಸ್ ದ್ವೀಪವನ್ನು ಕಲಬುರಗಿಯವರು ವಿಶೇಷವಾಗಿ ನೋಡಬೇಕು. ಕಮಲಾಪುರದ ಕಪ್ಪು ಮಣ್ಣಿನ ಕೆಳಗಿರುವ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದ ಆದುದು. ದ್ವೀಪದ ಷಟ್ಕೋನ ಕಂಬಗಳು ಅದಕ್ಕಿಂತಲೂ ಹಳೆಯವು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದ ಜ್ವಾಲಾಮುಖಿಯ ಕಲ್ಲು ತಣ್ಣಗಾಗಿ ಬಿರಿದು ಆದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಲ್ಪೆಯ ದಕ್ಷಿಣಕ್ಕೆ ಮಟ್ಟು ಎಂಬ ಊರು ಇದೆ, ಅದೂ ಕಡಲ ಅಂಚಿನದು. ಅಲ್ಲಿಯ ಗುಳ್ಳ ಬದನೆಗೆ, ಕಮಲಾಪುರದ ಕೆಂಪು ಬಾಳೆಗೆ ಇರುವಂತೆಯೇ, ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಬಾಳೆ ಬೆಳೆಯುವ ಸದಸ್ಯರು ಅಲ್ಲಿಯ ಬೆಳೆಗಾರರೊಡನೆ ಅರ್ಧ ಗಂಟೆ ಮಾತನಾಡಿದರೆ ಇಬ್ಬರಿಗೂ ಉಪಯೋಗವಾದೀತು.

ಭಕ್ತಿಯ ವಿಷಯದಲ್ಲಿ ರೋಜಾದವರಿಗೆ ಕರಾವಳಿ ಅಪರಿಚಿತವೆನಿಸದು. ಹಜರತ್ ಖ್ವಾಜಾ ಬಂದೇನವಾಜರ ದರ್ಗಾದ ಉರುಸಿಗೆ ಎಲ್ಲ ಮತದವರೂ ಬರುವುದನ್ನು ನೋಡಿ ಬೆಳೆದವರು ಬೊಬ್ಬರ್ಯನ ಗುಡಿಯ ಮುಂದೆ ಸ್ವಲ್ಪ ನಿಲ್ಲಬೇಕು. ಬೊಬ್ಬರ್ಯನು ಮೀನುಗಾರರನ್ನು ಕಡಲಿನಲ್ಲಿ ಕಾಯುವ ದೈವ. ತುಳು ಪಾಡ್ದನಗಳು ಅವನನ್ನು ಮುಸ್ಲಿಂ ಕಡಲ ವ್ಯಾಪಾರಿಯ ಮಗನೆಂದು ಹೇಳುತ್ತವೆ. ಮೊಗವೀರರು ಅವನಿಗೆ ಕೋಲ ಕೊಡುತ್ತಾರೆ. ನೂಲ ಹುಣ್ಣಿಮೆಯ ಹೊತ್ತಿಗೆ ಮಲ್ಪೆಯ ಒಡಭಾಂಡೇಶ್ವರದ ತೀರದಲ್ಲಿ ಸಮುದ್ರಪೂಜೆ ನಡೆದು, ಹಾಲು, ತೆಂಗಿನಕಾಯಿ, ಹೂವುಗಳನ್ನು ಕಡಲಿಗೆ ಅರ್ಪಿಸಲಾಗುತ್ತದೆ.

ಪ್ರವಾಸಕ್ಕೆ ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಕಾಲ ತಕ್ಕುದು. ಕೋಡಿಬೆಂಗ್ರೆಗೆ ನಸುಕಿನಲ್ಲಿಯೇ ತಲುಪುವಂತೆ ಹೊರಡಬೇಕು, ಹತ್ತರ ಮೇಲೆ ಹೋದರೆ ಕಿನಾರೆ ಮಾತ್ರ ಕಾಣುತ್ತದೆ, ಊರು ಕಾಣುವುದಿಲ್ಲ. ಹರಡಿದ ಬಲೆಯ ಮೇಲೆ ಕಾಲಿಡಬಾರದು, ದೋಣಿಯನ್ನು ಚಪ್ಪಲಿ ಹಾಕಿಕೊಂಡು ಹತ್ತಬಾರದು. ಬಾಟಲಿ, ಪ್ಲಾಸ್ಟಿಕ್ ಚೀಲಗಳನ್ನು ಬಸ್ಸಿನಲ್ಲಿಯೇ ಹಿಂದಕ್ಕೆ ತರತಕ್ಕದ್ದು. ಮೀನು ಕೊಳ್ಳುವವರು ಚೌಕಾಸಿ ಮಾಡಬಹುದು, ಗೆಲ್ಲುವ ಸಂಭವ ಕಡಿಮೆ. ಊರು ನೋಡಿದ ಬಳಿಕ ಬಸ್ಸನ್ನು ಖಾಲಿಯಾಗಿ ಹೆದ್ದಾರಿಯ ಮೂಲಕ ಸುತ್ತಿಸಿ ಕಳುಹಿಸಿ, ಸದಸ್ಯರೆಲ್ಲರೂ ಬೆಂಗ್ರೆಯವರು ಹೋಗುವಂತೆಯೇ ನೀರಿನ ಮೇಲೆ ಹಂಗಾರಕಟ್ಟೆಗೆ ದಾಟಿ ಕೋಡಿ ಪಂಚಾಯತಿ ಕಚೇರಿಗೆ ಹೋಗುವುದು ಒಳ್ಳೆಯದು. ಬಲೆ ಹರಡುವ ಮರಳಿಗೆ ಸರ್ವೆ ನಂಬರು ಯಾವುದು, ನಕ್ಷೆಯಲ್ಲಿ ಅದನ್ನು ಏನೆಂದು ಬರೆಯಲಾಗಿದೆ ಎಂದು ಅಲ್ಲಿ ವಿಚಾರಿಸಬಹುದು. ಬಸ್ಸು ಬಂದು ತಲುಪುವವರೆಗೆ ಅದಕ್ಕೆ ಸಾಕಷ್ಟು ಸಮಯವಿರುತ್ತದೆ.